ವಾರಾಂತ್ಯದ ವಾಯುಸೇನೆ

ಹೆಬ್ಬಾಳದ ಮೇಲ್ಸೇತುವೆ ಇಳಿದು ಬಳ್ಳಾರಿ ರಸ್ತೆ ಹಿಡಿದು ಉತ್ತರಕ್ಕೆ ಹೊರಟರೆ ಒಂದೇ ದಾರಿಯಲ್ಲಿ ಮೂರು ಬಗೆಯ ಹಾರಾಟ ಸಿಗುತ್ತದೆ. ಬಲಕ್ಕೆ ಜಕ್ಕೂರು: ಸರ್ಕಾರಿ ವೈಮಾನಿಕ ತರಬೇತಿ ಶಾಲೆ, ಎನ್‌ಸಿಸಿ ಹುಡುಗರ ಪುಟ್ಟ ಮೈಕ್ರೋಲೈಟ್‌ಗಳು. ಮುಂದೆ ಎಡಕ್ಕೆ ಯಲಹಂಕದ ವಾಯುನೆಲೆ. ವಾಯುಸೇನೆಯ ಸಾಗಣೆ ವಿಮಾನಗಳನ್ನು ಹಾರಿಸಲಿರುವ ಎಳೆಯ ಪೈಲಟ್‌ಗಳು ಡಾರ್ನಿಯರ್, ಎಎನ್-32ಗಳಲ್ಲಿ ಪಳಗುವುದು ಇಲ್ಲಿ. ಇನ್ನೂ ಮುಂದೆ ದೇವನಹಳ್ಳಿ, 2008ರ ಮೇ ತಿಂಗಳಿಂದ ಊರಿನ ಪ್ರಯಾಣಿಕರನ್ನೆಲ್ಲ ಹೊತ್ತು ಹಾರಿಸುತ್ತಿರುವ ವಿಮಾನ ನಿಲ್ದಾಣ. ಇವುಗಳ ನಡುವೆ ಮನುಷ್ಯರ ಓಡಾಟವೂ ಇದೆ. ಆದರೆ ಅದು ಏಕಮುಖ ರಸ್ತೆ. ಯಲಹಂಕದಲ್ಲಿ ಕಲಿತವರು ಸೇವೆ ಮುಗಿಸಿ, ಸಮವಸ್ತ್ರ ಕಳಚಿ, ಲೈಸೆನ್ಸ್ ಪಡೆದು ದೇವನಹಳ್ಳಿಯಿಂದ ಏರ್‌ಬಸ್ ಹಾರಿಸುತ್ತಾರೆ. ದೇವನಹಳ್ಳಿಯಿಂದ ಯಲಹಂಕಕ್ಕೆ ಯಾರೂ ಬರುವುದಿಲ್ಲ. ಎರಡೂ ಕಡೆ ಏಕಕಾಲಕ್ಕೆ ಹಾರಿಸುವವರಂತೂ ಇಲ್ಲವೇ ಇಲ್ಲ.

ಇದು ನಮ್ಮ ದೊಡ್ಡ ನಷ್ಟ ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ.

ಅಮೆರಿಕದಲ್ಲಿ ಇಂಥ ಜೋಡಿ ಬದುಕು ತೀರ ಸಾಮಾನ್ಯ. ವಾರವಿಡೀ ಪ್ರಯಾಣಿಕರನ್ನು ಒಯ್ಯುವ ಕ್ಯಾಪ್ಟನ್ ಶನಿವಾರ ಏರ್ ನ್ಯಾಷನಲ್ ಗಾರ್ಡ್ ಅಥವಾ ರಿಸರ್ವ್ ಸೇನೆಯ ಸಾಗಣೆ ವಿಮಾನದಲ್ಲಿ ಕೂರುತ್ತಾನೆ. ತಿಂಗಳಿಗೆ ಒಂದು ವಾರಾಂತ್ಯ, ವರ್ಷಕ್ಕೆ 15 ದಿನ ಎಂಬುದು ಅಲ್ಲಿನ ಕನಿಷ್ಠ ಲೆಕ್ಕ. ಪೈಲಟ್‌ಗಳು ಕೈ ಪಳಗಿಸಿಟ್ಟುಕೊಳ್ಳಲು ಅದಕ್ಕಿಂತ ಹೆಚ್ಚೇ ಕೊಡುತ್ತಾರೆ. ಸೇನೆ ಕರೆದಾಗ ಹೋಗಿಬಂದವರ ಕೆಲಸ, ಹಿರಿತನ ಎರಡನ್ನೂ 1994ರ ಕಾನೂನು ಕಾಯುತ್ತದೆ. ನನಗೆ ಅದಕ್ಕಿಂತ ಜಾಣತನದ್ದೆನಿಸುವುದು 1968ರಲ್ಲಿ ಅವರು ಶುರುಮಾಡಿದ ಏರ್ಪಾಡು. ರಿಸರ್ವ್ ತುಕಡಿಗೆಂದು ಬೇರೆ ವಿಮಾನ ಕೊಳ್ಳುವುದಿಲ್ಲ. ಕಾಯಂ ಸ್ಕ್ವಾಡ್ರನ್ನಿನ ವಿಮಾನಗಳನ್ನೇ ರಿಸರ್ವ್ ಸಿಬ್ಬಂದಿಯೂ ಹಂಚಿಕೊಂಡು ಹಾರಿಸುತ್ತಾರೆ.

ನಮ್ಮಲ್ಲೂ ಇದು ಇತ್ತು. ಎರಡನೇ ಮಹಾಯುದ್ಧದ ಹೊಸ್ತಿಲಲ್ಲಿ, 1939ರಲ್ಲಿ, ವಾಯುಸೇನೆಯ ವಾಲಂಟಿಯರ್ ರಿಸರ್ವ್ ಹುಟ್ಟಿತು. ಫ್ಲೈಯಿಂಗ್ ಕ್ಲಬ್ಬುಗಳಲ್ಲಿ ಕಲಿತವರು, ವಿಮಾನ ಕಂಪನಿಗಳಲ್ಲಿ ದುಡಿಯುತ್ತಿದ್ದವರು ಅದಕ್ಕೆ ಸೇರಿದರು. ಮದ್ರಾಸು, ಮುಂಬಯಿ, ಕಲ್ಕತ್ತ, ಕರಾಚಿ, ಕೊಚ್ಚಿ, ವಿಶಾಖಪಟ್ಟಣಗಳಲ್ಲಿ ಕರಾವಳಿ ಕಾವಲಿನ ತುಕಡಿಗಳು ಎದ್ದವು. ಕೊಡಲು ಹೊಸ ಯುದ್ಧವಿಮಾನಗಳಿರಲಿಲ್ಲ. ಹಳೆಯ ವ್ಯಾಪಿಟಿ ವಿಮಾನಗಳನ್ನು ಕೊಟ್ಟರು. ಅವೂ ಸಾಲದಾದಾಗ ಅಟಲಾಂಟಾ ಎಂಬ ನಾಲ್ಕು ಎಂಜಿನ್ನಿನ ಪ್ರಯಾಣಿಕ ವಿಮಾನಗಳನ್ನೇ 1941ರಲ್ಲಿ ವಶಕ್ಕೆ ತೆಗೆದುಕೊಂಡು, ಮೆಷಿನ್‌ಗನ್ ಕೂರಿಸಿ, ಸಮುದ್ರದ ಮೇಲೆ ಗಸ್ತಿಗೆ ಬಿಟ್ಟರು. ನಿನ್ನೆಯವರೆಗೆ ಟಿಕೆಟ್ ಕೊಂಡವರನ್ನು ಒಯ್ಯುತ್ತಿದ್ದ ವಿಮಾನ ಬಂಗಾಳ ಕೊಲ್ಲಿಯ ಮೇಲೆ ಗಂಟೆಗಟ್ಟಲೆ ಸುತ್ತುತ್ತ ಶತ್ರು ಹಡಗು ಹುಡುಕುವುದೆಂದರೆ! ಭಾರತದ ವಿಮಾನಯಾನ ಚರಿತ್ರೆಯಲ್ಲಿ ನಾನು ಮತ್ತೆ ಮತ್ತೆ ಮರಳಿ ಓದುವ ಪುಟ ಇದು. 1947ರ ಅಕ್ಟೋಬರ್ 27ರಂದು ಶ್ರೀನಗರಕ್ಕೆ ಸೈನಿಕರನ್ನು ಸಾಗಿಸಲು ಶುರುಮಾಡಿದಾಗಲೂ ಅಷ್ಟೇ. ವಾಯುಸೇನೆಯ ಡಕೋಟಾಗಳ ಜೊತೆಗೆ ಖಾಸಗಿ ಕಂಪನಿಗಳ ಡಕೋಟಾಗಳೂ ಅವುಗಳ ಪೈಲಟ್‌ಗಳೂ ದುಡಿದರು.

ಆ ಅನುಭವದ ಬೆನ್ನಿಗೇ ಬಂದದ್ದು 1952ರ ಮೀಸಲು ಮತ್ತು ಸಹಾಯಕ ವಾಯುಪಡೆಗಳ ಕಾಯ್ದೆ. 1955ರಿಂದ ಸಹಾಯಕ ಸ್ಕ್ವಾಡ್ರನ್‌ಗಳು ಏಳತೊಡಗಿದವು: 51 ದೆಹಲಿಗೆ, 52 ಮುಂಬಯಿಗೆ, 53 ಮದ್ರಾಸಿಗೆ, ಆಮೇಲೆ ಬಂಗಾಳ, ಒಡಿಶಾ. ವಾರವೆಲ್ಲ ತಮ್ಮ ತಮ್ಮ ವೃತ್ತಿಯಲ್ಲಿದ್ದು ರಜೆಯಲ್ಲಿ ಹಾರುವ ನಾಗರಿಕರ ಸ್ಕ್ವಾಡ್ರನ್‌ಗಳಿವು. ಅವರ ಕೈಗೆ ಕೊಟ್ಟ ವಿಮಾನಗಳಲ್ಲಿ ಎಚ್‌ಟಿ-2 ಒಂದು. ವಿ. ಎಂ. ಘಾಟಗೆ ರೂಪಿಸಿ, ಎಚ್‌ಎಎಲ್ ಕಟ್ಟಿ, 1951ರಲ್ಲಿ ಮೊದಲು ಹಾರಿದ ನಮ್ಮ ಬೆಂಗಳೂರಿನದೇ ವಿಮಾನ. ವಿಮಾನ ಕೊಟ್ಟ ಬೆಂಗಳೂರಿಗೆ ಸ್ಕ್ವಾಡ್ರನ್ ಮಾತ್ರ ಸಿಗಲಿಲ್ಲ. ಆ ಹೊತ್ತಿಗಾಗಲೇ ಜಕ್ಕೂರಿನ ಶಾಲೆ ನಡೆಯುತ್ತಿತ್ತು. ಉಷಾ ಸುಂದರಂ ಅವರಂಥವರು ಅಲ್ಲಿಂದ ಕಲಿತು ಹೊರಬಂದಿದ್ದರು. ಇಲ್ಲೊಂದು ಸ್ಕ್ವಾಡ್ರನ್ ಕಟ್ಟುವಷ್ಟು ಜನ ಸಿಗುತ್ತಿರಲಿಲ್ಲ ಎಂದು ಯಾರೂ ಹೇಳಲಾರರು.

ಆ ಪ್ರಯೋಗ ಸೊರಗಿದ್ದು ಯಾಕೆ? ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ಸಹಾಯಕ ಸ್ಕ್ವಾಡ್ರನ್‌ಗಳಿಗೆ ಮುಂದೆ ವ್ಯಾಂಪೈರ್ ಜೆಟ್ ಕೊಟ್ಟು ಫೈಟರ್ ಪೈಲಟ್‌ಗಳನ್ನಾಗಿಸಲು ಹೊರಟದ್ದೇ ತಪ್ಪಾಯಿತು. ಫೈಟರ್ ಹಾರಾಟ ಅರೆಕಾಲಿಕರಿಗೆ ಒಗ್ಗುವ ವಿದ್ಯೆಯಲ್ಲ. ಹದಿನೈದು ದಿನ ಬಿಟ್ಟರೆ ಕೈ ಜಡವಾಗುತ್ತದೆ. ಬ್ರಿಟನ್ನಿನ ಸಹಾಯಕ ಫೈಟರ್ ಸ್ಕ್ವಾಡ್ರನ್‌ಗಳು ಬ್ರಿಟನ್ ಕದನದಲ್ಲಿ ಅಷ್ಟು ಹೆಸರು ಮಾಡಿದ್ದರೂ 1957ರಲ್ಲಿ ಅವನ್ನೂ ಮುಚ್ಚಬೇಕಾಯಿತು. ಸಾಗಣೆ ವಿಮಾನದ ಮಾತು ಬೇರೆ. ಏರ್‌ಲೈನ್ ಪೈಲಟ್ ದಿನವೂ ಮಾಡುವ ಕೆಲಸಕ್ಕೆ ಅದು ಹತ್ತಿರದ ನಂಟು.

ಹತ್ತಿರದ್ದು ಎಂದೆ, ಒಂದೇ ಎನ್ನಲಿಲ್ಲ. ಹಾರಾಟದ ರುಚಿ ಬಲ್ಲವರು ಎಎನ್-32 ಕಡೆ ಸ್ವಲ್ಪ ನಿಧಾನವಾಗಿ ನೋಡಬೇಕು. 1984ರಿಂದ ನಮ್ಮಲ್ಲಿರುವ ಈ ವಿಮಾನದ ಸದ್ದನ್ನು ಯಲಹಂಕದವರು ಒಳಮನೆಯಲ್ಲಿ ಕೂತೇ ಗುರುತಿಸುತ್ತಾರೆ. ಪೈಲಟ್‌ಗಳಲ್ಲದೆ ನ್ಯಾವಿಗೇಟರ್, ಫ್ಲೈಟ್ ಎಂಜಿನಿಯರ್ ಕೂಡ ಇರುವ ಹಳೆಯ ಕಾಲದ ಕಾಕ್‌ಪಿಟ್. ಅರುಣಾಚಲದ ಕಣಿವೆಗಳ ಕೆಲವು ಇಳಿದಾಣಗಳಲ್ಲಿ ಒಂದು ತಿರುವು ದಾಟಿದ ಮೇಲೆ ಇಳಿಯಲೇಬೇಕು. ಮತ್ತೆ ಮೇಲೇರಲು ಎದುರಿಗಿರುವ ಬೆಟ್ಟ ಬಿಡುವುದಿಲ್ಲ. ಸಾಮಾನು ಉದುರಿಸುವಾಗ ಹಿಂಬದಿಯ ಬಾಗಿಲು ತೆರೆದು, ಭಾರ ಹಿಂದಕ್ಕೆ ಸರಿದು, ಮೂತಿ ಮೇಲೇಳಲು ನೋಡುತ್ತದೆ. ಆ ಕ್ಷಣದಲ್ಲಿ ಕೈ ಎಷ್ಟು ಒತ್ತಬೇಕೆಂಬುದು ಪುಸ್ತಕದಿಂದ ಬರುವ ವಿದ್ಯೆಯಲ್ಲ. ಏರ್‌ಲೈನ್ ಪೈಲಟ್‌ನ ಶಿಸ್ತು ಇದಕ್ಕೆ ತದ್ವಿರುದ್ಧ. ಮೋಡ ಮುಸುಕಿದ ದಿನ ನೆಲದಿಂದ 1000 ಅಡಿಗೆ ಬರುವಷ್ಟರಲ್ಲಿ ವೇಗ, ಇಳಿಜಾರು, ಚಕ್ರ, ಫ್ಲ್ಯಾಪ್ ಎಲ್ಲವೂ ಹೇಳಿದ ಅಳತೆಯಲ್ಲಿ ನಿಂತಿರಬೇಕು. ನಿಂತಿಲ್ಲವೋ, ಮರುಮಾತಿಲ್ಲದೆ ಗೋ-ಅರೌಂಡ್. ಒಂದು ಹಾರಾಟ ಇದ್ದುದರಲ್ಲಿ ಕೆಲಸ ಮುಗಿಸುವುದನ್ನು ಕಲಿಸುತ್ತದೆ, ಇನ್ನೊಂದು ಆಗದು ಎಂದು ಹೇಳುವ ಧೈರ್ಯವನ್ನು. ಎರಡೂ ಒಬ್ಬರಲ್ಲೇ ಕೂಡಿದ ಪೈಲಟ್ ಎಂಥ ಪೈಲಟ್ ಆಗಬಹುದು! ಒಂದರ ಅಭ್ಯಾಸ ಇನ್ನೊಂದರ ಕಾಕ್‌ಪಿಟ್‌ಗೆ ನುಸುಳುವ ಅಪಾಯವೂ ಉಂಟು. ಅದಕ್ಕೆ ಮದ್ದು ಸಿಮ್ಯುಲೇಟರ್, ನಿಯಮಿತ ಸಾರ್ಟಿ, ಕಟ್ಟುನಿಟ್ಟಾದ ಪರೀಕ್ಷಕ.

ನಿಜವಾದ ತೊಡಕು ಇರುವುದು ರೋಸ್ಟರ್‌ನಲ್ಲಿ. ನಮ್ಮ ಪೈಲಟ್ ವರ್ಷಕ್ಕೆ 1000 ಗಂಟೆಗಿಂತ ಹೆಚ್ಚು ಹಾರುವಂತಿಲ್ಲ. ನಾಗರಿಕ ವಿಮಾನಯಾನ ನಿಯಂತ್ರಕ ಡಿಜಿಸಿಎ 2024ರಲ್ಲಿ ಪ್ರಕಟಿಸಿದ ಹೊಸ ನಿಯಮ ವಾರದ ವಿಶ್ರಾಂತಿಯನ್ನು 36 ಗಂಟೆಯಿಂದ 48ಕ್ಕೆ ಏರಿಸಿತು, ರಾತ್ರಿಯ ಲ್ಯಾಂಡಿಂಗ್‌ಗಳನ್ನು ಕಡಿತಗೊಳಿಸಿತು. ಅದು ಪೂರ್ತಿ ಜಾರಿಗೆ ಬಂದದ್ದೇ ತಡ, 2025ರ ಡಿಸೆಂಬರ್‌ನಲ್ಲಿ ಇಂಡಿಗೋ ವಿಮಾನಗಳು ಸಾಲುಸಾಲಾಗಿ ರದ್ದಾದದ್ದನ್ನು ದೇವನಹಳ್ಳಿಯಲ್ಲಿ ಕಾದು ಕೂತವರು ಮರೆತಿರಲಾರರು. ಕ್ಯಾಪ್ಟನ್ ಕೆಲಸ ಬಿಡಬೇಕಾದರೆ ಒಂದು ವರ್ಷ ಮೊದಲೇ ನೋಟಿಸ್ ಕೊಡಬೇಕೆಂದು 2017ರಿಂದ ನಿಯಮವಿರುವ ದೇಶ ಇದು. ಇಷ್ಟು ಬಿಗಿಯಾದ ಲೆಕ್ಕದಲ್ಲಿ ಯಾವ ಕಂಪನಿ ತಾನೇ ತನ್ನ ಪೈಲಟ್‌ನನ್ನು ಮನಸಾರೆ ಸೇನೆಗೆ ಬಿಟ್ಟುಕೊಡುತ್ತದೆ? ಬಿಟ್ಟುಕೊಡಲೇಬೇಕೆಂದರೆ ಅಮೆರಿಕದ ಹಾಗೆ ಕಾನೂನಿನ ಬಲ ಬೇಕು. ಇನ್ನೊಂದು ಮಾತಿನಲ್ಲಿ ನನಗೆ ರಾಜಿಯಿಲ್ಲ. ಯಲಹಂಕದಲ್ಲಿ ಭಾನುವಾರ ಹಾರಿದ ಗಂಟೆಗಳು ಅದೇ 1000ದೊಳಗೆ ಸೇರಬೇಕು. ಅವನ್ನು ವಿಶ್ರಾಂತಿಯ ಖಾತೆಗೆ ಬರೆದರೆ ಸೋಮವಾರ ಹಿಂದಿನ ಸೀಟುಗಳಲ್ಲಿ ಕೂತವರಿಗೆ ದ್ರೋಹ ಬಗೆದಂತೆ.

ಉಳಿದದ್ದಕ್ಕೆ ಬೇಕಾದ ಸಾಮಗ್ರಿ ಊರಲ್ಲೇ ಇದೆ. 1957ರಲ್ಲಿ ಶುರುವಾದ ಇಲ್ಲಿನ ವಾಯುಸೇನೆಯ ವೈಮಾನಿಕ ವೈದ್ಯಕೀಯ ಸಂಸ್ಥೆ ಸೇನೆಯ ಪೈಲಟ್‌ಗಳನ್ನೂ ನಾಗರಿಕ ಪೈಲಟ್‌ಗಳನ್ನೂ ಹಿಂದಿನಿಂದಲೂ ಪರೀಕ್ಷಿಸುತ್ತ ಬಂದಿದೆ. ತರಬೇತಿ ಕಮಾಂಡ್‌ನ ಮುಖ್ಯ ಕಚೇರಿ ಹೆಬ್ಬಾಳದಲ್ಲೇ ಇದೆ. ಬೆಂಗಳೂರಿನಿಂದ ಶಿವಮೊಗ್ಗಕ್ಕೆ ಹಾರುವ ಎಟಿಆರ್-72ಕ್ಕೂ, ವಾಯುಸೇನೆಗೆ 2023ರಿಂದ ಬರತೊಡಗಿದ ಸಿ-295ಕ್ಕೂ ಒಂದೇ ಮನೆತನದ ಪ್ರ್ಯಾಟ್ ಆ್ಯಂಡ್ ವಿಟ್ನಿ ಪಿಡಬ್ಲ್ಯು-127 ಎಂಜಿನ್. ಎಟಿಆರ್ ಕ್ಯಾಪ್ಟನ್‌ಗೆ ಸಿ-295ರ ಎಂಜಿನ್ನಿನ ನಡವಳಿಕೆಯನ್ನು ಮೊದಲಿಂದ ಹೇಳಿಕೊಡಬೇಕಿಲ್ಲ.

ಆದರೂ ಆರಂಭಕ್ಕೆ ನಾನು ಆರಿಸುವುದು ಡಾರ್ನಿಯರ್-228ಅನ್ನು. ಎಚ್‌ಎಎಲ್ ಕಾನ್ಪುರದಲ್ಲಿ ಕಟ್ಟುವ ಈ ವಿಮಾನವನ್ನು ಹಿಂದೆ ವಾಯುದೂತ್ ಕಂಪನಿ ಪ್ರಯಾಣಿಕರಿಗಾಗಿ ಹಾರಿಸಿತ್ತು. 2022ರ ಏಪ್ರಿಲ್‌ನಿಂದ ಅಲಯನ್ಸ್ ಏರ್ ಅದನ್ನು ದಿಬ್ರೂಗಢದಿಂದ ಪಾಸಿಘಾಟ್‌ಗೆ ಹಾರಿಸಿತು, ಅದೂ ವಾಯುಸೇನೆಯದೇ ಇಳಿದಾಣಕ್ಕೆ. ಯಲಹಂಕದಲ್ಲಿ ಅದನ್ನು ಕಲಿಸುವ ಗುರುಗಳಿದ್ದಾರೆ, ಹ್ಯಾಂಗರ್ ಇದೆ, ವಿಮಾನವೂ ಇದೆ. 1968ರ ಅಮೆರಿಕದ ಏರ್ಪಾಡಿನಂತೆ ಅದೇ ವಿಮಾನಗಳನ್ನು ಹಂಚಿಕೊಂಡರೆ ಹೊಸದಾಗಿ ಒಂದನ್ನೂ ಕೊಳ್ಳಬೇಕಾಗಿಲ್ಲ. ದೇವನಹಳ್ಳಿಯ ಹತ್ತು ಮಂದಿ ಪೈಲಟ್‌ಗಳೊಂದಿಗೆ, ಎರಡು ವರ್ಷದ ಅವಧಿಗೆ, 1952ರ ಕಾಯ್ದೆಯಡಿಯಲ್ಲೇ ಶುರುಮಾಡಬಹುದು.