ಬಿದ್ರಿ ಕೊಳ್ಳುವ ಮುನ್ನ

ಹೈದರಾಬಾದಿಗೆ ಬರುವ ನೆಂಟರ ಪಟ್ಟಿ ಹೆಚ್ಚುಕಡಿಮೆ ಒಂದೇ. ಚಾರ್‌ಮಿನಾರ್, ಗೋಲ್ಕೊಂಡ, ಲಾಡ್ ಬಜಾರಿನ ಬಳೆ, ಒಂದೆಳೆ ಮುತ್ತು. ಕೊನೆಗೆ, ರೈಲಿಗೆ ಎರಡು ಗಂಟೆ ಉಳಿದಿರುವಾಗ, ‘ಇಲ್ಲಿಯ ಆ ಕಪ್ಪು ಪಾತ್ರೆ, ಬೆಳ್ಳಿ ಹೂವಿನದು, ಅದೊಂದು ತೆಗೆದುಕೊಂಡುಬಿಡೋಣ’ ಎನ್ನುತ್ತಾರೆ. ಜೀಡಿಮೆಟ್ಲಾದಂಥ ದೂರದ ಬಡಾವಣೆಯಲ್ಲಿ ಸಂಸಾರ ಹೂಡಿರುವ ನಮ್ಮಂಥವರು ರಜೆಯ ದಿನ ಅವರನ್ನು ಪೇಟೆಗೆ ಕರೆದೊಯ್ಯುತ್ತೇವೆ. ‘ಇಲ್ಲಿಯ’ ಎಂಬ ಮಾತನ್ನು ಮಾತ್ರ ಯಾರೂ ತಿದ್ದುವುದಿಲ್ಲ.

ಆ ಪಾತ್ರೆಯ ಹೆಸರಿನಲ್ಲೇ ನಮ್ಮ ಬೀದರ್ ಇದೆ. ಹೈದರಾಬಾದಿಗೆ ಅದರ ಮೇಲೆ ಹಕ್ಕಿಲ್ಲವೆಂದು ನಾವು ಹೇಳುತ್ತಿಲ್ಲ. 1956ರ ನವೆಂಬರ್ 1ರವರೆಗೆ ಬೀದರ್ ಹೈದರಾಬಾದ್ ರಾಜ್ಯದ ಜಿಲ್ಲೆಯಾಗಿತ್ತು. ಇಲ್ಲಿಯ ಸಿರಿವಂತ ಮನೆತನಗಳು ಹುಕ್ಕಾ, ಪಾನ್‌ದಾನ್, ಹೂದಾನಿಗಳನ್ನು ಮಾಡಿಸಿಕೊಂಡು ಈ ಕಸುಬಿಗೆ ಅನ್ನ ಹಾಕಿದವು. ನಮ್ಮ ಆಕ್ಷೇಪ ಊರಿನ ಜಗಳದ್ದಲ್ಲ, ಕೊಳ್ಳುವ ರೀತಿಯದು. ಬಿದ್ರಿಗೆ ಅಪಾಯವಿರುವುದು ಜಿಪುಣ ಗಿರಾಕಿಯಿಂದಲ್ಲ, ತಿಳಿಯದ ಗಿರಾಕಿಯಿಂದ ಎಂಬುದು ನಮ್ಮ ವಾದ.

ಅದನ್ನು ಮಾಡುವ ಬಗೆಯನ್ನು ಸ್ವಲ್ಪ ನೋಡೋಣ. ಸತು ಬಹುಪಾಲು, ತಾಮ್ರ ಅಲ್ಪ. 16ಕ್ಕೆ 1ರಷ್ಟು ಎಂಬುದು ರೂಢಿಯ ಲೆಕ್ಕ. ಈ ಮಿಶ್ರಲೋಹವನ್ನು ಮರಳಿನ ಅಚ್ಚಿನಲ್ಲಿ ಎರಕ ಹೊಯ್ದು, ಅರದಿಂದ ಉಜ್ಜಿ ನುಣುಪು ಮಾಡುತ್ತಾರೆ. ಮೈಲುತುತ್ತದ ದ್ರಾವಣ ಸವರಿದರೆ ಮೈ ತಾತ್ಕಾಲಿಕವಾಗಿ ಕಪ್ಪಾಗುತ್ತದೆ. ಅದರ ಮೇಲೆ ಮೊನೆಯಿಂದ ಬಳ್ಳಿ, ಹೂ ಗೀರುತ್ತಾರೆ. ಗೀರಿದ ಗೆರೆಯನ್ನು ಉಳಿಯಿಂದ ಕೊರೆದು, ಆ ಕಾಲುವೆಯಲ್ಲಿ ಬೆಳ್ಳಿಯ ತಂತಿಯನ್ನೋ ತಗಡನ್ನೋ ಕೂರಿಸಿ ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತಾರೆ. ತಂತಿಯ ಕೆಲಸಕ್ಕೆ ‘ತಾರಕಶಿ’, ತಗಡಿನ ಕೆಲಸಕ್ಕೆ ‘ತೆಹನಿಶಾನ್’ ಎಂದು ಹೆಸರು. ಮತ್ತೆ ಉಜ್ಜಿ, ಕೊನೆಗೆ ಬೀದರ್ ಕೋಟೆಯ ಹಳೆಯ ಭಾಗಗಳಿಂದ, ಬಿಸಿಲು ಮಳೆ ತಾಗದ ಕಡೆಯಿಂದ ತಂದ ಮಣ್ಣನ್ನು ನವಸಾಗರದೊಂದಿಗೆ ಕಲಸಿ, ಬಿಸಿ ಮಾಡಿದ ಪಾತ್ರೆಗೆ ಬಳಿಯುತ್ತಾರೆ. ಸತುವಿನ ಮೈ ಶಾಶ್ವತವಾಗಿ ಕಪ್ಪಾಗುತ್ತದೆ; ಬೆಳ್ಳಿ ಬೆಳ್ಳಿಯಾಗಿಯೇ ಉಳಿಯುತ್ತದೆ. ಕೊನೆಯಲ್ಲಿ ಎಣ್ಣೆ ಸವರಿದರೆ ಕಪ್ಪಿಗೆ ಆಳ ಬರುತ್ತದೆ. ರಸಾಯನಶಾಸ್ತ್ರವನ್ನು ಪರೀಕ್ಷೆಗೆಂದು ಓದಿದ ನಮಗೆ ಇದು ಇಂದಿಗೂ ಸೋಜಿಗವೇ. ಒಂದೇ ಲೇಪ, ಎರಡು ಲೋಹ, ಎರಡು ಫಲ. ಇದರಲ್ಲಿ ಬಣ್ಣ ಎಂಬುದೇ ಇಲ್ಲ.

ಇಷ್ಟು ತಿಳಿಯದವರ ಮುಂದೆ ಎರಡು ಡಬ್ಬಿಗಳನ್ನು ಇಡಿ. ಒಂದು ದಿನಗಟ್ಟಲೆ ಉಳಿ ಹಿಡಿದು ಮಾಡಿದ್ದು. ಇನ್ನೊಂದು ಕಪ್ಪು ಬಣ್ಣ ಬಳಿದು, ಬಿಳಿಯ ಗೆರೆ ಎಳೆದದ್ದು. ದೂರದಿಂದ ಎರಡೂ ಒಂದೇ. ಅವರು ಅಗ್ಗದ್ದನ್ನೇ ಎತ್ತಿಕೊಳ್ಳುತ್ತಾರೆ, ಅದರಲ್ಲಿ ತಪ್ಪೇನು? ಆದರೆ ಹೀಗೆ ನೂರು ಜನ ಎತ್ತಿಕೊಂಡರೆ ಅಸಲಿ ಮಾಡಿದವನು ತನ್ನ ಬೆಲೆಯನ್ನು ನಕಲಿಯ ಮಟ್ಟಕ್ಕೆ ಇಳಿಸಬೇಕು. ಇಲ್ಲವೇ ಬೆಳ್ಳಿಯನ್ನು ತೆಳುವಾಗಿಸಬೇಕು, ಗೆರೆಗಳನ್ನು ಕಡಿಮೆ ಮಾಡಬೇಕು. ಅವನ ಮಗ ಉಳಿ ಹಿಡಿಯಬೇಕೇ ಬೇಡವೇ ಎಂಬುದು ತೀರ್ಮಾನವಾಗುವುದು ಅಲ್ಲಿಯೇ. ಯಂತ್ರವೊಂದು ಗಂಟೆಗೆ ಎಷ್ಟು ನಗ ಉದುರಿಸಬಲ್ಲದೆಂಬುದು ಕಾರ್ಖಾನೆಗಳ ನಡುವೆ ಬಾಳುವ ಜೀಡಿಮೆಟ್ಲಾದವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಆ ಲೆಕ್ಕದಲ್ಲಿ ಕೈಯ ಕೆಲಸವನ್ನು ಅಳೆದರೆ ಕೈ ಸೋಲುವುದು ಖಂಡಿತ.

ಅಂಗಡಿಗಳೂ ಈ ವಿಷಯದಲ್ಲಿ ನಿರ್ದೋಷಿಗಳಲ್ಲ. ನಾವು ಕಂಡ ಹಲವು ಮಳಿಗೆಗಳಲ್ಲಿ ಡಬ್ಬಿಗೆ ಕಟ್ಟಿದ ಚೀಟಿಯಲ್ಲಿ ಬೆಲೆ ಇದೆ, ಸಂಖ್ಯೆ ಇದೆ. ಎಷ್ಟು ಗ್ರಾಂ ಬೆಳ್ಳಿ, ಯಾರ ಕೈ, ತಂತಿಯೋ ತಗಡೋ ಎಂಬುದಿಲ್ಲ. ಬಿದ್ರಿಗೆ 2006ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆ ಸಿಕ್ಕಿತು. 2023ರಲ್ಲಿ ಬೀದರಿನ ಶಾಹ್ ರಶೀದ್ ಅಹ್ಮದ್ ಖಾದ್ರಿಯವರಿಗೆ ಪದ್ಮಶ್ರೀ ಬಂತು. ಇವೆಲ್ಲ ಸಂತೋಷವೇ. ಆದರೆ ಗಿರಾಕಿಯ ಕೈಯಲ್ಲಿರುವ ಡಬ್ಬಿಯಲ್ಲಿ ಬೆಳ್ಳಿ ಎಷ್ಟೆಂಬುದನ್ನು ಪ್ರಶಸ್ತಿ ಹೇಳಲಾರದು.

ಪರದೇಶದ ಒಂದು ಉದಾಹರಣೆ ಇಲ್ಲಿ ಉಪಯುಕ್ತ. ಥಾಯ್ಲೆಂಡಿನ ದಕ್ಷಿಣದಲ್ಲಿ ನಖೋನ್ ಸಿ ಥಮ್ಮರಾತ್ ಎಂಬ ಊರಿದೆ. ‘ನಗರ ಶ್ರೀ ಧರ್ಮರಾಜ’ ಎಂಬುದೇ ಆ ಹೆಸರಿನ ಮೂಲ. ಅಲ್ಲಿಯ ‘ಥೋಮ್’ ಕೆಲಸ ನಮ್ಮ ಬಿದ್ರಿಯನ್ನು ತಿರುವಿಹಾಕಿದಂತಿದೆ. ಮೈ ಬೆಳ್ಳಿಯದು, ಕೊರೆದ ತಗ್ಗುಗಳಲ್ಲಿ ತುಂಬಿದ್ದು ಕಪ್ಪು. ಬೆಳ್ಳಿ, ತಾಮ್ರ, ಸೀಸಗಳನ್ನು ಗಂಧಕದೊಂದಿಗೆ ಕರಗಿಸಿದ ಕಪ್ಪು. ಕಳೆದ ಶತಮಾನದ ಮಧ್ಯಭಾಗದಲ್ಲಿ ಆ ದೇಶದಿಂದ ಪ್ರವಾಸಿಗರು ಕೊಂಡೊಯ್ದ ಇಂಥ ಪದಕ, ಕೈಬಳೆಗಳ ಹಿಂದೆ ‘ಸಯಾಮ್ ಸ್ಟರ್ಲಿಂಗ್’ ಎಂಬ ಮುದ್ರೆ ಸಾಮಾನ್ಯ. ಸ್ಟರ್ಲಿಂಗ್ ಎಂದರೆ ನೂರಕ್ಕೆ 92.5ರಷ್ಟು ಬೆಳ್ಳಿ. ಪರಊರಿನವನಿಗೆ ಭಾಷೆ ಬಾರದಿದ್ದರೂ ಆ ಎರಡು ಪದಗಳು ಏನು, ಎಲ್ಲಿಯದು ಎಂಬುದನ್ನು ಹೇಳಿಬಿಡುತ್ತಿದ್ದವು. ನಮ್ಮ ಪಾತ್ರೆಯ ತಳದಲ್ಲೂ ಎರಡು ಪದ, ಒಂದು ಸಂಖ್ಯೆ ಕೆತ್ತುವುದು ಕಷ್ಟವೇ? ಅಷ್ಟು ಸೂಕ್ಷ್ಮ ಬಳ್ಳಿ ಕೊರೆಯುವ ಕೈಗೆ ಅದು ಎಷ್ಟರ ಕೆಲಸ!

ಅಲ್ಲಿಯವರೆಗೆ ನಾವೇ ಎಚ್ಚರದಿಂದಿರಬೇಕು. ಕೊಳ್ಳಲು ಹೋಗುವ ಮುನ್ನ ಸಾಲಾರ್ ಜಂಗ್ ವಸ್ತುಸಂಗ್ರಹಾಲಯದ ಬಿದ್ರಿಯನ್ನು ಅರ್ಧ ಗಂಟೆ ನೋಡಿ. ಕಣ್ಣಿಗೆ ಒಂದು ಅಳತೆಗೋಲು ಸಿಗುತ್ತದೆ. ಅಂಗಡಿಯಲ್ಲಿ ಪಾತ್ರೆಯನ್ನು ಕೈಗೆ ತೆಗೆದುಕೊಳ್ಳಿ. ಸತು ನೀರಿಗಿಂತ ಏಳು ಪಟ್ಟು ಭಾರದ ಲೋಹ. ಗಟ್ಟಿ ಎರಕದ್ದಾದರೆ ಗಾತ್ರಕ್ಕೆ ತಕ್ಕ ತೂಕ ಇರಲೇಬೇಕು. ಸತು, ತಾಮ್ರ, ಬೆಳ್ಳಿ ಈ ಮೂರನ್ನೂ ಅಯಸ್ಕಾಂತ ಹಿಡಿಯದು. ಹಿಡಿದರೆ ಒಳಗೆ ಕಬ್ಬಿಣವಿದೆ ಎಂದರ್ಥ. ಗೆರೆಯ ಅಂಚನ್ನು ಹತ್ತಿರದಿಂದ ನೋಡಿ. ಬೆಳ್ಳಿ ಲೋಹದೊಳಗೆ ಕೂತಿರಬೇಕು, ಮೇಲೆ ಬಳಿದಂತಿರಬಾರದು. ಮುಖ್ಯವಾಗಿ ಕೇಳಿ: ಬೆಳ್ಳಿ ಎಷ್ಟು? ಮಾಡಿದವರು ಯಾರು? ಉತ್ತರ ಕೊಡುವ ಅಂಗಡಿಯಲ್ಲೇ ಕೊಳ್ಳಿ. ದೊಡ್ಡ ನಕಲಿ ಹೂದಾನಿಗಿಂತ ಚಿಕ್ಕ ಅಸಲಿ ಡಬ್ಬಿ ಮೇಲು. ನಮ್ಮಂಥ ತಿಂಗಳ ಸಂಬಳದವರ ಜೇಬಿಗೂ ಅದೇ ಹಿತ. ಇನ್ನು ಚೌಕಾಸಿ. ವ್ಯಾಪಾರಿಯೊಂದಿಗೆ ಧಾರಾಳವಾಗಿ ಮಾಡಿ. ಉಳಿ ಹಿಡಿದವನ ಮುಂದೆ ಕುಳಿತಾಗ ಬೆಲೆಗಿಂತ ಮೊದಲು ಅವನ ಕೆಲಸದ ಬಗ್ಗೆ ಒಂದು ಮಾತು ಕೇಳಿ. ಬೀದರ್ ಇಲ್ಲಿಂದ ಸುಮಾರು 140 ಕಿಲೋಮೀಟರು, ಒಂದು ಭಾನುವಾರದ ದಾರಿ.

ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ. ನಾವು ಆ ಗಿಡವನ್ನು ಪಕ್ಕದ ಮನೆಯವರದೆಂದೇ ತಿಳಿದು ಕೊಳ್ಳುತ್ತಿದ್ದೇವೆ. ನಮ್ಮ ಸಂಘಗಳು ರಾಜ್ಯೋತ್ಸವದಲ್ಲಿ ಅತಿಥಿಗಳಿಗೆ ಕೊಡುವ, ಮಾರನೆಯ ದಿನ ಅಟ್ಟ ಸೇರುವ ಥಳಥಳಿಸುವ ಸ್ಮರಣಿಕೆಗಳ ಬದಲು ಬೀದರಿನ ಒಂದು ಪುಟ್ಟ ಡಬ್ಬಿಯನ್ನು ಮೂರು ತಿಂಗಳು ಮೊದಲೇ ಹೇಳಿ ಮಾಡಿಸಲಿ. ಒಳಗೊಂದು ಚೀಟಿ ಇರಲಿ: ಇಷ್ಟು ಗ್ರಾಂ ಬೆಳ್ಳಿ, ಇಂಥವರ ಕೆಲಸ. ಅಂಗಡಿಯವರು ಬರೆಯದಿದ್ದರೆ ಬೇಡ, ನಾವೇ ಬರೆಯೋಣ.