ಸಾಲು ಕರಗಿತು, ಸಾಲ ತೀರಿತೇ?

ಡಿಸೆಂಬರ್ ಮೂರನೇ ವಾರದ ಒಂದು ಸಂಜೆ. ನಮ್ಮೂರಿನ ಇಗರ್ಜಿಯ ಮೂಲೆಮೂಲೆಗಳಲ್ಲಿ ಕುರ್ಚಿ ಹಾಕಿದ್ದಾರೆ. ಒಂದೊಂದರಲ್ಲೂ ನೇರಳೆ ಸ್ಟೋಲ್ ಧರಿಸಿದ ಒಬ್ಬೊಬ್ಬ ಧರ್ಮಗುರು, ಸುತ್ತಲಿನ ಊರುಗಳಿಂದ ಈ ಕೆಲಸಕ್ಕೆಂದೇ ಬಂದವರು. ಪ್ರತಿ ಕುರ್ಚಿಯ ಮುಂದೆಯೂ ಸಾಲು. ಕೊಂಕಣಿಯಲ್ಲಿ ನಾವು ಇದನ್ನು ಕುಮ್ಸಾರ್ ಎನ್ನುತ್ತೇವೆ, ಕನ್ನಡದಲ್ಲಿ ಪಾಪನಿವೇದನೆ. ಕ್ರಿಸ್ಮಸ್ಸಿಗೆ ಮೊದಲು ಒಮ್ಮೆ ಕುಮ್ಸಾರ್ ಆಗಲೇಬೇಕು. ಮನೆಗೆ ಸುಣ್ಣಬಣ್ಣ ಆದ ಹಾಗೆ.

ಆ ಸಾಲುಗಳಲ್ಲಿ ಹಲವು ವರ್ಷಗಳಿಂದ ಇಬ್ಬರು ಅಣ್ಣತಮ್ಮಂದಿರನ್ನು ನೋಡುತ್ತ ಬಂದಿದ್ದೇನೆ. ಅಣ್ಣನ ತೋಟದೊಳಗಿಂದ ತಮ್ಮನ ಮನೆಗೆ ಒಂದು ಕಾಲುದಾರಿ ಇತ್ತು. ಪಾಲಿನ ಜಗಳ ಬಂದಾಗ ಅಣ್ಣ ಅದಕ್ಕೆ ಅಡ್ಡ ಬೇಲಿ ಹಾಕಿದ. ಅಂದಿನಿಂದ ತಮ್ಮನ ಮನೆಯವರು ಗದ್ದೆ ಬಳಸಿ, ತೋಡು ದಾಟಿ ರಸ್ತೆಗೆ ಬರುತ್ತಾರೆ. ಮಳೆಗಾಲದಲ್ಲಿ ಮಕ್ಕಳನ್ನು ಎತ್ತಿಕೊಂಡೇ ದಾಟಿಸಬೇಕು. ಈ ಇಬ್ಬರೂ ಒಂದು ವರ್ಷವೂ ಕುಮ್ಸಾರ್ ತಪ್ಪಿಸಿದವರಲ್ಲ. ಬೇರೆ ಬೇರೆ ಸಾಲಿನಲ್ಲಿ ನಿಲ್ಲುತ್ತಾರೆ, ಮೊಣಕಾಲೂರುತ್ತಾರೆ, ಎದ್ದು ಶಿಲುಬೆಯ ಗುರುತು ಹಾಕಿಕೊಂಡು, ಒಬ್ಬರ ಮುಖ ಒಬ್ಬರು ನೋಡದೆ ಮನೆಗೆ ಹೋಗುತ್ತಾರೆ. ಸಾಲು ಕರಗುತ್ತದೆ. ಬೇಲಿ ಇದ್ದಲ್ಲೇ ಇರುತ್ತದೆ.

ಅವರನ್ನು ದೂರಿ ಪ್ರಯೋಜನವಿಲ್ಲ. ಇಗರ್ಜಿ ಕೇಳಿದ್ದನ್ನೆಲ್ಲ ಅವರು ಮಾಡಿದ್ದಾರೆ. ಕೇಳಬೇಕಾದಷ್ಟನ್ನು ಇಗರ್ಜಿ ಕೇಳುತ್ತಿದೆಯೇ ಎಂಬುದು ನನ್ನ ಪ್ರಶ್ನೆ.

ಕ್ರಿಸ್ಮಸ್ಸಿಗೆ ಮುಂಚಿನ ನಾಲ್ಕು ಭಾನುವಾರಗಳನ್ನು ಒಳಗೊಂಡ ಆಗಮನ ಕಾಲ ನವೆಂಬರ್ 27ರಿಂದ ಡಿಸೆಂಬರ್ 3ರೊಳಗೆ ಬೀಳುವ ಭಾನುವಾರ ಆರಂಭವಾಗುತ್ತದೆ. ಇದಕ್ಕೆ ಮೊದಲಿನಿಂದಲೂ ಎರಡು ಸ್ವಭಾವ. 5ನೇ ಶತಮಾನದ ಉತ್ತರಾರ್ಧದಲ್ಲಿ ಇಂದಿನ ಫ್ರಾನ್ಸಿನ ತೂರ್ ನಗರದ ಬಿಷಪ್ ಪೆರ್ಪೆತುವುಸ್, ನವೆಂಬರ್ 11ರ ಸಂತ ಮಾರ್ಟಿನರ ಹಬ್ಬದಿಂದ ಕ್ರಿಸ್ಮಸ್‌ವರೆಗೆ ವಾರಕ್ಕೆ ಮೂರು ದಿನ ಉಪವಾಸ ವಿಧಿಸಿದ್ದರು. ಎರಡನೇ ವ್ಯಾಟಿಕನ್ ಮಹಾಸಭೆಯ ನಂತರ, 1969ರಲ್ಲಿ ಬಂದ ಪೂಜಾ ಪಂಚಾಂಗದ ನಿಯಮಗಳು ಇದನ್ನು ಭಕ್ತಿಯ, ಸಂತಸದ ನಿರೀಕ್ಷೆಯ ಕಾಲ ಎಂದು ಕರೆದವು. ಆದರೂ ತಪಸ್ಸಿನ ನೇರಳೆ ಬಣ್ಣ ಹೋಗಲಿಲ್ಲ. ಭಾನುವಾರದ ಪೂಜೆಯಲ್ಲಿ ಗ್ಲೋರಿಯಾ ಹಾಡುವುದಿಲ್ಲ, ಅಲ್ಲೆಲೂಯ ಮಾತ್ರ ಹಾಡುತ್ತೇವೆ. ಅರ್ಧ ಉಪವಾಸ, ಅರ್ಧ ಹಬ್ಬ. ನಮ್ಮ ಕರಾವಳಿಯಲ್ಲಿ ಹಬ್ಬದ ಅರ್ಧ ಗೆದ್ದಿದೆ. ಹಬ್ಬದ ತಿಂಡಿಯಾದ ಕುಸ್ವಾರಿನ ಎಣ್ಣೆ ಬಾಣಲೆ, ನಕ್ಷತ್ರದ ಗೂಡುದೀಪ, ಗೋದಲಿಗೆ ಹುಲ್ಲು ಹುಡುಕುವ ಮಕ್ಕಳು ಇವೆಲ್ಲದರ ನಡುವೆ ಪಶ್ಚಾತ್ತಾಪಕ್ಕೆ ಉಳಿಯುವುದು ಆ ಒಂದು ಸಂಜೆ.

ಆ ಒಂದು ಸಂಜೆಗೂ ಒಳ್ಳೆಯ ಪಠ್ಯವಿದೆ. ಪಾಪನಿವೇದನೆಯ ಹೊಸ ವಿಧಿಯನ್ನು ರೋಮ್ ಜಾರಿಗೆ ತಂದ ಆದೇಶದ ತಾರೀಖು 1973ರ ಡಿಸೆಂಬರ್ 2. ಅಂದು ಆಗಮನ ಕಾಲದ ಮೊದಲ ಭಾನುವಾರ. ಆ ವಿಧಿಗೆ ಮೂರು ರೂಪ. ಒಬ್ಬರೇ ಹೋಗಿ ಗುರುವಿನ ಬಳಿ ಹೇಳಿಕೊಳ್ಳುವುದು ಮೊದಲನೆಯದು. ಎಲ್ಲರೂ ಸೇರಿ ವಾಚನ ಕೇಳಿ, ಆತ್ಮಶೋಧನೆ ಮಾಡಿ, ಬಳಿಕ ಒಬ್ಬೊಬ್ಬರಾಗಿ ಹೇಳಿಕೊಂಡು, ಕೊನೆಗೆ ಒಟ್ಟಾಗಿ ಕೃತಜ್ಞತೆ ಸಲ್ಲಿಸುವುದು ಎರಡನೆಯದು. ನಮ್ಮ ಆಗಮನ ಕಾಲದ ಸಂಜೆ ಈ ಎರಡನೆಯ ರೂಪದ್ದು. ಎಲ್ಲರಿಗೂ ಒಟ್ಟಿಗೆ ಕ್ಷಮೆ ಘೋಷಿಸುವ ಮೂರನೆಯ ರೂಪ ಜೀವಾಪಾಯದಂಥ ತುರ್ತು ಸಂದರ್ಭಗಳಿಗೆ ಮೀಸಲು. ಪುಸ್ತಕದ ಅನುಬಂಧದಲ್ಲಿ ಆಗಮನ ಕಾಲಕ್ಕೆಂದೇ ಒಂದು ಮಾದರಿ ಪ್ರಾರ್ಥನಾವಿಧಿಯೂ ಇದೆ. ಅದರಲ್ಲಿ ಓದಬೇಕಾದದ್ದು ಸ್ನಾನಿಕ ಯೊವಾನ್ನನ ಬೋಧನೆ.

ಈ ವಿಧಿಯ ಗುಣಗಳನ್ನು ಮೊದಲು ಹೇಳಬೇಕು. ತಪ್ಪನ್ನು ಮನಸ್ಸಿನಲ್ಲೇ ಒಪ್ಪಿಕೊಳ್ಳುವುದಕ್ಕೂ ಇನ್ನೊಬ್ಬ ಮನುಷ್ಯನ ಕಿವಿಗೆ ಬೀಳುವಂತೆ ಹೇಳುವುದಕ್ಕೂ ಅಜಗಜಾಂತರ. ಬಾಯಿಂದ ಹೊರಬಿದ್ದ ಮಾತಿಗೆ ಒಂದು ತೂಕ ಬರುತ್ತದೆ. ಆಮೇಲೆ ಅದನ್ನು ನಮಗೆ ನಾವೇ ಮುಚ್ಚಿಡಲಾಗದು. ಕೇಳಿದ ಗುರು ಅದನ್ನು ಎಲ್ಲೂ ಆಡುವಂತಿಲ್ಲ. ಹೇಳಿದವರ ಗುಟ್ಟು ಬಿಟ್ಟುಕೊಟ್ಟರೆ ಗುರುವಿಗೆ ಧರ್ಮಸಭೆಯಿಂದಲೇ ಬಹಿಷ್ಕಾರ. ಸಾಲಿನಲ್ಲಿ ಧನಿಯೂ ಒಂದೇ, ಅವರ ತೋಟದಲ್ಲಿ ದುಡಿಯುವವನೂ ಒಂದೇ. ಎದ್ದು ಬರುವಾಗ ಎದೆಯ ಮೇಲಿನ ಕಲ್ಲು ಇಳಿದಂತಾಗುವುದು ಸುಳ್ಳಲ್ಲ, ನಾನೂ ಅನುಭವಿಸಿದ್ದೇನೆ.

ಇಷ್ಟೆಲ್ಲ ಇದ್ದೂ ಆಚರಣೆ ಸೋಲುವುದು ಎರಡು ಕಡೆ. ಮೊದಲನೆಯದು ಸಮಯ. ಒಮ್ಮೆ ಗಡಿಯಾರ ನೋಡಿದೆ: ನನ್ನ ಸಾಲಿನಲ್ಲಿ ಒಬ್ಬರಿಗೆ ಎರಡು ನಿಮಿಷವೂ ಸಿಗುತ್ತಿರಲಿಲ್ಲ. ಅಷ್ಟರಲ್ಲಿ ಹೇಳಲಾಗುವುದು ಚಿಕ್ಕಂದಿನಲ್ಲಿ ಬಾಯಿಪಾಠ ಮಾಡಿದ ಪಟ್ಟಿ ಮಾತ್ರ. ಸಿಟ್ಟು ಮಾಡಿದೆ, ಸುಳ್ಳು ಹೇಳಿದೆ, ಪೂಜೆ ತಪ್ಪಿಸಿದೆ. ಬೇಲಿಯ ಕಥೆ ಆ ಪಟ್ಟಿಯಲ್ಲಿ ‘ಸಿಟ್ಟು’ ಎಂಬ ಒಂದು ಪದದೊಳಗೆ ಹುದುಗಿಹೋಗುತ್ತದೆ. ತಮ್ಮ ಸರದಿ ಮುಗಿದವರು ಹೊರಡುವುದರಿಂದ ಕೊನೆಯ ಸಾಮೂಹಿಕ ಕೃತಜ್ಞತೆಗೆ ಬೆಂಚುಗಳೇ ಖಾಲಿ.

ಎರಡನೆಯ ಸೋಲು ದೊಡ್ಡದು, ಅದು ಪ್ರಾಯಶ್ಚಿತ್ತದಲ್ಲಿದೆ. ಯಾವ ತಪ್ಪು ಹೇಳಿದರೂ ಸಿಗುವುದು ಹೆಚ್ಚುಕಡಿಮೆ ಒಂದೇ: ಮೂರು ಬಾರಿ ನಮೋ ಮರಿಯ ಪ್ರಾರ್ಥನೆ. ಕರಾವಳಿಯವರಿಗೆ ದೇವಸ್ಥಾನದ ತಪ್ಪುಕಾಣಿಕೆ ಗೊತ್ತು. ತಪ್ಪಾಯಿತೆಂದು ದೇವರ ಮುಂದೆ ಒಂದಿಷ್ಟು ಹಣ ಇಟ್ಟರೆ ಮನಸ್ಸು ಹಗುರ. ನಮ್ಮ ಮೂರು ನಮೋ ಮರಿಯವೂ ಹಾಗೇ ತಪ್ಪುಕಾಣಿಕೆಯಾಗಿಬಿಟ್ಟಿದೆ. ವಿಧಿಯ ಪುಸ್ತಕ ಕೇಳುವುದು ಬೇರೆಯದನ್ನೇ. ಪ್ರಾಯಶ್ಚಿತ್ತ ತಪ್ಪಿನ ಗುಣಕ್ಕೆ ತಕ್ಕಂತಿರಬೇಕು, ಮುಂದಿನ ಬಾಳಿಗೆ ಮದ್ದಾಗಬೇಕು, ಅದು ವಿಶೇಷವಾಗಿ ನೆರೆಯವರ ಸೇವೆಯ ರೂಪದಲ್ಲಿದ್ದರೆ ಒಳ್ಳೆಯದು ಎನ್ನುತ್ತದೆ ಅದು. 1992ರ ಧರ್ಮೋಪದೇಶ ಗ್ರಂಥವಂತೂ ಸ್ಪಷ್ಟ: ಕ್ಷಮೆಯಿಂದ ಪಾಪ ಕಳೆಯುತ್ತದೆ, ಪಾಪ ಮಾಡಿದ ಹಾನಿ ಕಳೆಯುವುದಿಲ್ಲ, ಕದ್ದದ್ದನ್ನು ಹಿಂದಿರುಗಿಸಬೇಕು, ಕೆಡಿಸಿದ ಹೆಸರನ್ನು ಸರಿಪಡಿಸಬೇಕು.

ಹಿಂದಿನವರು ಇದನ್ನು ಚೆನ್ನಾಗಿ ಬಲ್ಲರು. ಗುಟ್ಟಾಗಿ, ಬೇಕೆಂದಾಗಲೆಲ್ಲ ಪಾಪ ನಿವೇದಿಸುವ ಪದ್ಧತಿಯನ್ನು ಯುರೋಪಿನಲ್ಲಿ ಹರಡಿದವರು 6ನೇ ಶತಮಾನದಿಂದೀಚೆಗಿನ ಐರಿಷ್ ಸನ್ಯಾಸಿಗಳು. ಪಾಪಕ್ಕೊಂದು ದರ ನಿಗದಿ ಮಾಡಿದವರೆಂದು ಅವರನ್ನು ಗೇಲಿ ಮಾಡುವುದುಂಟು. ಆದರೆ ಸಂತ ಕೊಲುಂಬಾನುಸ್ ಹೆಸರಿನ ಪ್ರಾಯಶ್ಚಿತ್ತ ಪುಸ್ತಕದಲ್ಲಿ ಒಂದು ನಿಯಮವಿದೆ. ಜಗಳದಲ್ಲಿ ನೆರೆಯವನನ್ನು ಗಾಯಗೊಳಿಸಿದವನು ಹಾನಿ ಕಟ್ಟಿಕೊಡಬೇಕು; ಕೈಯಲ್ಲಿ ಕಾಸಿಲ್ಲದಿದ್ದರೆ ಗಾಯಾಳು ಹಾಸಿಗೆಯಲ್ಲಿರುವಷ್ಟು ದಿನ ಅವನ ಕೆಲಸವನ್ನು ತಾನೇ ಮಾಡಬೇಕು, ವೈದ್ಯನನ್ನೂ ಕರೆತರಬೇಕು. ಕೈ ಮುರಿದವನೇ ಮುರಿಸಿಕೊಂಡವನ ಗದ್ದೆಗಿಳಿದು ದುಡಿಯುವ ಈ ಚಿತ್ರದ ಮುಂದೆ ನಮ್ಮ ಎರಡು ನಿಮಿಷದ ಕುಮ್ಸಾರ್ ಬಡವಾಗಿ ಕಾಣುತ್ತದೆ.

ಈಚಿನ ದಶಕಗಳ ದೊಡ್ಡ ಚರ್ಚೆಯೂ ಈ ಜಾಗಕ್ಕೆ ಬರಲಿಲ್ಲ. ಆಸ್ಟ್ರೇಲಿಯಾದ ಹಲವು ಧರ್ಮಕೇಂದ್ರಗಳಲ್ಲಿ ಮೂರನೆಯ ರೂಪ, ಅಂದರೆ ಎಲ್ಲರಿಗೂ ಒಟ್ಟಿಗೆ ಕ್ಷಮೆ, ರೂಢಿಯಾಗಿತ್ತು. 1998ರಲ್ಲಿ ರೋಮ್ ಅದಕ್ಕೆ ತಡೆ ಹಾಕಿತು. 2002ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಜಗತ್ತಿಗೆಲ್ಲ ಅದೇ ಮಾತನ್ನು ಗಟ್ಟಿಮಾಡಿದರು. ಒಬ್ಬೊಬ್ಬರಾಗಿ ಹೇಳಬೇಕೆಂದು ಒಂದು ಪಕ್ಷ, ಒಟ್ಟಾಗಿ ಸಾಕೆಂದು ಇನ್ನೊಂದು. ಯಾರಿಗೆ ಹೇಳಬೇಕು, ಹೇಗೆ ಹೇಳಬೇಕು ಎಂದು ಇಬ್ಬರೂ ವಾದಿಸಿದರು. ತಪ್ಪಿನಿಂದ ನೊಂದವರು ಆ ಕೋಣೆಯಲ್ಲೇ ಇಲ್ಲ ಎಂಬುದು ಎರಡು ಪಕ್ಷಕ್ಕೂ ದೊಡ್ಡ ವಿಷಯವಾಗಲಿಲ್ಲ.

ಯೊವಾನ್ನನಿಗೆ ಅದೇ ಮುಖ್ಯ ವಿಷಯ. ಲೂಕನ ಶುಭಸಂದೇಶದ 3ನೇ ಅಧ್ಯಾಯದಲ್ಲಿ ಅವನು ಮರದ ಬುಡಕ್ಕೆ ಕೊಡಲಿ ಬಿದ್ದಾಗಿದೆ ಎಂದು ಗುಡುಗಿದಾಗ ಜನ ಬೆದರಿ, ನಾವೇನು ಮಾಡೋಣ ಎಂದು ಕೇಳುತ್ತಾರೆ. ಅವನು ಪ್ರಾರ್ಥನೆ ಹೇಳಿಕೊಡುವುದಿಲ್ಲ. ಎರಡು ಅಂಗಿ ಇದ್ದವರು ಇಲ್ಲದವರಿಗೆ ಒಂದು ಕೊಡಲಿ. ಸುಂಕದವರು ಗೊತ್ತುಮಾಡಿದ್ದಕ್ಕಿಂತ ಹೆಚ್ಚು ವಸೂಲಿ ಮಾಡದಿರಲಿ. ಸಿಪಾಯಿಗಳು ಬೆದರಿಸಿ ಹಣ ಕೀಳದೆ ತಮ್ಮ ಸಂಬಳದಲ್ಲಿ ಬಾಳಲಿ. ಕೇಳಿದವರ ಕಸುಬು ನೋಡಿ ಕೊಟ್ಟ ಉತ್ತರಗಳಿವು. ಪಾಪ ಇರುವುದು ಅಂಗಿಯ ಪೆಟ್ಟಿಗೆಯಲ್ಲಿ, ಸುಂಕದ ಕಟ್ಟೆಯಲ್ಲಿ, ಸಂಬಳದ ಚೀಲದಲ್ಲಿ. ಪಶ್ಚಾತ್ತಾಪ ಅಲ್ಲಿಗೇ ಹೋಗಬೇಕು. ಈ ಭಾಗವನ್ನು ಮೂರು ವರ್ಷಕ್ಕೊಮ್ಮೆ ಆಗಮನ ಕಾಲದ ಮೂರನೇ ಭಾನುವಾರ ಓದುತ್ತೇವೆ, 2024ರಲ್ಲಿ ಓದಿದ್ದೇವೆ. ಓದಿ, ಮುಚ್ಚಿ, ಸಾಲಿನಲ್ಲಿ ನಿಲ್ಲುತ್ತೇವೆ.

ಇನ್ನು ಕ್ಷಮೆಯ ಮಾತು. ಈ ದಿನಗಳ ಪ್ರಬೋಧನೆಯಲ್ಲಿ ಕ್ಷಮೆ ಮತ್ತು ಪಶ್ಚಾತ್ತಾಪ ಒಂದೇ ಉಸಿರಿನಲ್ಲಿ ಬರುತ್ತವೆ: ಮನಸ್ಸಿನಲ್ಲಿ ಕಹಿ ಇಟ್ಟುಕೊಂಡು ಕ್ರಿಸ್ಮಸ್ ಆಚರಿಸಬೇಡಿ, ಕ್ಷಮಿಸಿಬಿಡಿ. ಎರಡರ ಹೊಣೆ ಬೇರೆ ಬೇರೆ ಎಂಬುದು ಇದರಲ್ಲಿ ಮರೆಯಾಗುತ್ತದೆ. ಪಶ್ಚಾತ್ತಾಪ ತಪ್ಪು ಮಾಡಿದವರ ಕರ್ತವ್ಯ. ಕ್ಷಮೆ ನೊಂದವರು ಕೊಡುವ ದಾನ, ಅದನ್ನು ವಸೂಲಿ ಮಾಡುವಂತಿಲ್ಲ. ಗಂಡನ ಏಟು ತಿಂದು ಬೆಂಚಿನಲ್ಲಿ ಕೂತ ಹೆಂಗಸಿಗೆ ಆ ಪ್ರಬೋಧನೆ ಕೇಳಿಸುವುದು ಹೇಗೆ? ಹೊಡೆದವನು ಎರಡು ನಿಮಿಷದಲ್ಲಿ ಹಗುರಾಗಿ ಬಂದ. ಈಗ ಕಹಿ ಇಟ್ಟುಕೊಂಡ ಪಾಪ ಅವಳ ತಲೆಗೆ. ಗುರುಗಳು ದೇವರ ಕ್ಷಮೆ ಸಾರಬಲ್ಲರು. ಅವಳ ಕ್ಷಮೆಯನ್ನು ಅವಳ ಪರವಾಗಿ ಕೊಡಲು ಯಾರಿಗೂ ಅಧಿಕಾರವಿಲ್ಲ.

ಧರ್ಮಸಭೆಗೂ ಇದೇ ಅಳತೆ. ದಲಿತ ಕ್ರೈಸ್ತರು ಧರ್ಮಸಭೆಯೊಳಗೇ ಅಸ್ಪೃಶ್ಯತೆ ಅನುಭವಿಸುತ್ತಿದ್ದಾರೆ ಎಂದು ಭಾರತದ ಕ್ಯಾಥೋಲಿಕ್ ಬಿಷಪ್ಪರ ಮಂಡಳಿ 2016ರ ಡಿಸೆಂಬರಿನಲ್ಲಿ ಹೊರತಂದ ದಲಿತ ಸಬಲೀಕರಣದ ನೀತಿಯಲ್ಲಿ ಒಪ್ಪಿಕೊಂಡಿತು. ಆಗಮನ ಕಾಲದಲ್ಲಿ ಬಂದ ಆ ದಾಖಲೆ ಒಂದು ಸಾಮೂಹಿಕ ಪಾಪನಿವೇದನೆಯೇ. ಗೌರವಿಸಬೇಕಾದ ಧೈರ್ಯ ಅದು. ಆದರೆ ದಲಿತರ ಪ್ರತ್ಯೇಕ ಸ್ಮಶಾನದ ಗೋಡೆ ಎಲ್ಲಿಯವರೆಗೆ ನಿಂತಿರುತ್ತದೋ ಅಲ್ಲಿಯವರೆಗೆ ಅದು ನಿವೇದನೆ ಮಾತ್ರ, ಪ್ರಾಯಶ್ಚಿತ್ತ ಬಾಕಿ.

ನೆರೆಹೊರೆಯ ಧರ್ಮಗಳಿಂದ ಕಲಿಯುವುದಿದೆ. ಮೂಡಬಿದಿರೆ, ಕಾರ್ಕಳದ ಕಡೆಯವರಿಗೆ ಜೈನರ ಕ್ಷಮಾವಣಿ ಗೊತ್ತು. ದಶಲಕ್ಷಣ ಪರ್ವ ಮುಗಿದಾಗ ಅವರು ಒಬ್ಬರ ಎದುರು ಒಬ್ಬರು ಕೈಮುಗಿದು ಕ್ಷಮೆ ಕೇಳುತ್ತಾರೆ. ಯೆಹೂದಿಗಳ ಮಿಶ್ನಾ, ಮನುಷ್ಯನಿಗೆ ಮಾಡಿದ ತಪ್ಪನ್ನು ಅವನನ್ನು ಸಮಾಧಾನಪಡಿಸುವ ತನಕ ಪ್ರಾಯಶ್ಚಿತ್ತದ ದಿನವೂ ತೊಳೆಯದು ಎನ್ನುತ್ತದೆ. ಯೇಸುವೂ ಅದೇ ನೆಲದವರು. ಸೋದರನ ಮನಸ್ಸಿನಲ್ಲಿ ನಿನ್ನ ಬಗ್ಗೆ ದೂರಿದ್ದರೆ ಕಾಣಿಕೆಯನ್ನು ಪೀಠದ ಮುಂದೆ ಬಿಟ್ಟು ಮೊದಲು ಅವನ ಹತ್ತಿರ ಹೋಗು ಎಂಬ ಅವರ ಮಾತನ್ನು ಮತ್ತಾಯ ಬರೆದಿಟ್ಟಿದ್ದಾನೆ. ನಾವು ಆ ಕ್ರಮವನ್ನೇ ತಿರುವುಮುರುವು ಮಾಡಿದ್ದೇವೆ: ಮೊದಲು ಪೀಠ, ಆಮೇಲೆ ಆದರೆ ಸೋದರ. ಕ್ಷಮಾವಣಿಯೂ ವಾಟ್ಸಾಪ್ ಸಂದೇಶವಾಗಿ ಸವೆಯಬಹುದು, ನಿಜ. ಆದರೂ ಆ ಸಂದೇಶಕ್ಕೆ ಒಂದು ವಿಳಾಸವಿರುತ್ತದೆ.

ಹೊಸ ವಿಧಿ ಬೇಕಿಲ್ಲ, ಇರುವುದನ್ನು ಪೂರ್ತಿ ನಡೆಸಿದರೆ ಸಾಕು. ಆತ್ಮಶೋಧನೆಯನ್ನು ಆಗಮನ ಕಾಲದ ಮೊದಲ ವಾರವೇ ಮಾಡಿಸಿ, ಪಾಪನಿವೇದನೆಯನ್ನು ಕೊನೆಯ ವಾರಕ್ಕಿಡಬಹುದು. ನಡುವಿನ ದಿನಗಳು ಹೋಗಿ ಮಾತಾಡುವುದಕ್ಕೆ. ಮಂಗಳೂರು ಧರ್ಮಕ್ಷೇತ್ರದ ಪ್ರತಿ ವಾಡ್ಯದಲ್ಲೂ, ಅಂದರೆ ವಾರ್ಡಿನಲ್ಲೂ, ಅದರ ಮುಖಂಡರಾದ ಗುರ್ಕಾರರಿದ್ದಾರೆ. ಜಗಳ ಬಗೆಹರಿಸುವುದು ಅವರ ಹಳೆಯ ಕೆಲಸ. ಮೂರು ನಮೋ ಮರಿಯದ ಬದಲು ಗುರುಗಳು ‘ಕೆಡವಿದ್ದನ್ನು ಕಟ್ಟು, ಕಟ್ಟಿದ್ದನ್ನು ಕೆಡವು’ ಎಂದು ಹೇಳಬಹುದು. ಪುಸ್ತಕ ಅವರ ಪರವಾಗಿದೆ.

ಕಳೆದ ಕ್ರಿಸ್ಮಸ್ಸಿನಲ್ಲಿ ಕುಸ್ವಾರಿನ ತಟ್ಟೆ ಹಿಡಿದು ನಾನು ತಮ್ಮನ ಮನೆಗೆ ಹೋಗಿದ್ದೆ, ತೋಡು ದಾಟಿಯೇ. ಮಕ್ಕಳು ಗೋದಲಿಯ ಮುಂದೆ ಮೂವರು ಅರಸರು ಬರಲೆಂದು ತೋಡಿನ ಮರಳು ತಂದು ಅಚ್ಚುಕಟ್ಟಾದ ದಾರಿ ಮಾಡಿದ್ದರು. ಹಿಂದಿರುಗುವಾಗ ಬೇಲಿಯ ಹತ್ತಿರ ನಿಂತು ನೋಡಿದೆ. ಹಾಕಿದ ವರ್ಷ ಅದು ಬರೀ ಹಾಲಿವಾಣದ ಗೂಟಗಳ ಸಾಲು, ಒಂದು ಕತ್ತಿ ಸಾಕಿತ್ತು. ಗೂಟಗಳು ಚಿಗುರಿ, ಬೇರು ಬಿಟ್ಟು, ಈಗ ತೋಳಗಲದ ಮರಗಳಾಗಿವೆ. ಯೊವಾನ್ನನ ಕೊಡಲಿಯೇ ಬೇಕು.