ಹೊಲದವರೆಗೆ ಬಾರದ ಕಿರ್ಲೋಸ್ಕರ್ ಚರಿತ್ರೆ

ಬೆಳಗಾವಿ ಜಿಲ್ಲೆಯ ಅಥಣಿ, ರಾಯಬಾಗ, ಕಾಗವಾಡ, ಚಿಕ್ಕೋಡಿಯ ರೈತರಿಗೆ ಕಿರ್ಲೋಸ್ಕರ್ ಎಂದರೆ ಪಂಪ್‌ಸೆಟ್. ಆ ಹೆಸರಿನ ಬೇರು ಇರುವುದೂ ಇದೇ ಜಿಲ್ಲೆಯಲ್ಲಿ. 1869ರಲ್ಲಿ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್, ಬೆಳಗಾವಿಯ ಸೈಕಲ್ ಅಂಗಡಿಯಿಂದ ಮೇವು ಕತ್ತರಿಸುವ ಯಂತ್ರಕ್ಕೆ, ಅಲ್ಲಿಂದ ಕಬ್ಬಿಣದ ನೇಗಿಲಿಗೆ ಬಂದರು. ಊರು ಬೆಳೆಯಿತೆಂದು ನಗರಸಭೆ ಕಾರ್ಖಾನೆಯ ಜಾಗ ಬಿಡಿಸಿತು. ಔಂಧ್ ಸಂಸ್ಥಾನದ ರಾಜರು ಕುಂಡಲ್ ರೋಡ್ ರೈಲು ನಿಲ್ದಾಣದ ಬಳಿ ಜಾಗವನ್ನೂ ಸಾಲವನ್ನೂ ಕೊಟ್ಟರು. 1910ರಲ್ಲಿ ಪಾಪಾಸುಕಳ್ಳಿ ಕಡಿದ ಆ ಬರಡು ನೆಲದಲ್ಲಿ ಕಿರ್ಲೋಸ್ಕರವಾಡಿ ಎದ್ದಿತು. ಮಗ ಶಂತನುರಾವ್ ತಮ್ಮ ಆತ್ಮಕಥೆಗೆ ‘ಕ್ಯಾಕ್ಟಸ್ ಅಂಡ್ ರೋಸಸ್’ ಎಂದೇ ಹೆಸರಿಟ್ಟರು.

ಸಂಸ್ಥೆ ಹೇಳುವ ಈ ಕಥನದ ದೊಡ್ಡ ಗುಣ, ಸೋಲನ್ನು ಮುಚ್ಚಿಡದಿರುವುದು. ಕಬ್ಬಿಣ ತಾಗಿದರೆ ಭೂಮಿಗೆ ವಿಷವೇರುತ್ತದೆ ಎಂದು ರೈತರು ಅಂಜಿದರು. ಮೊದಲ ನೇಗಿಲುಗಳು ಮಾರಾಟವಾಗಲು ಎರಡು ವರ್ಷ ಹಿಡಿಯಿತು. ಸಂಸ್ಥೆ ಇದನ್ನು ತಾನೇ ಹೇಳಿಕೊಂಡು ಬಂದಿದೆ. ಆದರೆ ಹೇಳುವ ಧಾಟಿಯಲ್ಲಿ ರೈತನ ಅಂಜಿಕೆ ಬರೀ ಮೂಢನಂಬಿಕೆಯಾಗಿಬಿಡುತ್ತದೆ. ನನ್ನ ತಕರಾರು ಇಲ್ಲಿಯೇ. ನೆಲದ ಬಗೆಗಿನ ಆ ಅಂಜಿಕೆ ಪೂರ್ತಿ ಹುಸಿಯಾಗಲಿಲ್ಲ. ನೇಗಿಲಿನ ನಂತರ ಬಂದ ಪಂಪು ಕೃಷ್ಣೆಯ ನೀರನ್ನು ಮೇಲೆತ್ತಿತು, ಕಬ್ಬು ಬೆಳೆಯಿತು. ಕೃಷ್ಣೆಯ ದಂಡೆಯ ಉಗಾರದಲ್ಲಂತೂ 1939ರಲ್ಲೇ ಸಕ್ಕರೆ ಕಾರ್ಖಾನೆ ಸ್ಥಾಪನೆಯಾಗಿತ್ತು. ಅತಿಯಾಗಿ ಹಾಯಿಸಿದ ನೀರು ಬಸಿದು ಹೋಗಲು ದಾರಿಯಿಲ್ಲದೆ ಅದೇ ದಂಡೆಯ ಎಷ್ಟೋ ಎರೆಭೂಮಿ ಸವಳು-ಜವಳಾಯಿತು. ಇದು ಪಂಪು ಮಾಡಿದವರ ತಪ್ಪಲ್ಲ, ನಿಜ. ಆದರೂ ಯಂತ್ರದಿಂದ ಬಂದ ಸಿರಿಯನ್ನು ಎಣಿಸುವ ಚರಿತ್ರೆ ನೆಲಕ್ಕೆ ಆದದ್ದನ್ನು ಕೇಳದಿದ್ದರೆ ಲೆಕ್ಕ ಅರ್ಧಕ್ಕೇ ನಿಲ್ಲುತ್ತದೆ.

ಎರಡನೆಯ ಕೊರತೆ ಕಾರ್ಖಾನೆಯ ಒಳಗಿನದು. ಮಣ್ಣಿನ ಅಚ್ಚು ಕಟ್ಟಿ, ಕಾದ ಕಬ್ಬಿಣ ಸುರಿದು, ಬಿರುಕು ಬಿಟ್ಟ ಎರಕವನ್ನು ಮತ್ತೆ ಕುಲುಮೆಗೆ ಹಾಕಿದ ಕೈಗಳಿಲ್ಲದೆ ನೇಗಿಲೂ ಇಲ್ಲ, ಪಂಪೂ ಇಲ್ಲ. ಕಥನದಲ್ಲಿ ಅವರು ಗುಂಪಾಗಿ ಬರುತ್ತಾರೆ, ಒಡೆಯರು ಹೆಸರಾಗಿ. ಕಿರ್ಲೋಸ್ಕರ್ ಸಮೂಹದ ಇನ್ನೊಂದು ಕಾರ್ಖಾನೆಯಾಗಿ 1941ರಲ್ಲಿ ಆರಂಭವಾದ ಹರಿಹರದ ಮೈಸೂರು ಕಿರ್ಲೋಸ್ಕರ್ ದೇಶಕ್ಕೆಲ್ಲ ಲೇತ್ ಯಂತ್ರ ಕೊಟ್ಟು, ಕೊನೆಗೆ ಬಾಗಿಲು ಹಾಕಿತು. ಕಿರ್ಲೋಸ್ಕರವಾಡಿ ಏಕೆ ಉಳಿಯಿತು, ಹರಿಹರ ಏಕೆ ಮುಳುಗಿತು ಎಂಬ ಪ್ರಶ್ನೆ ಸ್ಥಾಪಕರ ಸಾಹಸಗಾಥೆಗಿಂತ ಇಂದಿನ ಉದ್ಯಮಿಗೆ ಹೆಚ್ಚು ಉಪಯುಕ್ತ.

ಲಕ್ಷ್ಮಣರಾಯರ ಸಾಧನೆಯನ್ನು ಇದು ಕುಗ್ಗಿಸುವುದಿಲ್ಲ. ಒಕ್ಕಲುತನಕ್ಕೆ ಏನು ಬೇಕೆಂದು ನೋಡಿ ಯಂತ್ರ ಮಾಡಿದ್ದು ಅವರ ಹಿರಿಮೆ. ಅವರ ಚರಿತ್ರೆ ಬರೆಯುವವರೂ ಅದೇ ಹೊಲಕ್ಕೆ ಬರಬೇಕು. ಚಿಕ್ಕೋಡಿ, ರಾಯಬಾಗದ ಹಿರಿಯ ರೈತರು, ಹರಿಹರದ ನಿವೃತ್ತ ಕಾರ್ಮಿಕರು ಇನ್ನೂ ನಮ್ಮ ನಡುವೆ ಇದ್ದಾರೆ. ಅವರ ಮಾತನ್ನು ಈಗಲೇ ಬರೆದಿಟ್ಟುಕೊಳ್ಳುವ ಕೆಲಸ ಕನ್ನಡದಲ್ಲಿ ಆಗಬೇಕು.